ಸಂತನಾದ ಬೇಟೆನಾಯಿ, ಶತ್ರುವಿನ ಸಾಕ್ಷಿ

ತೊಟ್ಟಿಲ ಮಗುವನ್ನು ಹಾವಿನಿಂದ ಉಳಿಸಿದ ಮುಂಗುಸಿಯನ್ನೇ ದುಡುಕಿ ಕೊಂದ ಪಂಚತಂತ್ರದ ಕಥೆ ನಮಗೆಲ್ಲ ಗೊತ್ತು. ನಮ್ಮಲ್ಲಿ ಅದು ನೀತಿಗೇ ನಿಂತಿತು. ಫ್ರಾನ್ಸಿನ ಲಿಯೋನ್ ಬಳಿಯ ದೊಂಬ್ ಸೀಮೆಯಲ್ಲಿ ಮುಂಗುಸಿಯ ಜಾಗಕ್ಕೆ ಬೇಟೆನಾಯಿ ಬಂತು. ಸತ್ತ ನಾಯಿ ಸಂತ ಗಿನ್‌ಫೋರ್ ಆಗಿ ಹರಕೆ ಪಡೆಯಿತು.

ಮಧ್ಯಯುಗದ ಜನಪದ ನಂಬಿಕೆಗಳ ವಿದ್ವಾಂಸ ಜಾಂ-ಕ್ಲೋದ್ ಶ್ಮಿತ್ ಇದರ ಬಗ್ಗೆ 1979ರಲ್ಲಿ ಒಂದು ಇಡೀ ಪುಸ್ತಕ ಬರೆದರು. ತೊಡಕು ಏನೆಂದರೆ, 13ನೇ ಶತಮಾನದ ಮುಖ್ಯ ಸಾಕ್ಷಿ ಎತಿಯೆನ್ ದ ಬೂರ್ಬೊಂ ಆ ಆಚರಣೆಯನ್ನು ಅಳಿಸಲು ಹೊರಟ ಪಾದ್ರಿ. ಹಾಗಂತ ಅವನ ಮಾತನ್ನು ತಳ್ಳಿಹಾಕಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅವನು ಕೇಳಿದ್ದೆಷ್ಟು, ಮಾಡಿದ್ದೆಷ್ಟು, ಮೇಲೆ ಬಳಿದ ಬಣ್ಣವೆಷ್ಟು ಎಂದು ಬಿಡಿಸಿಕೊಳ್ಳಬೇಕು.

ಕೇಳಿದ್ದು ತಪ್ಪೊಪ್ಪಿಗೆಗೆ ಬಂದ ಹೆಂಗಸರ ಬಾಯಿಂದ. ಕಾಯಿಲೆಯ ಕೂಸನ್ನು ತಾಯಿ ಒಬ್ಬ ಮುದುಕಿಯ ಜೊತೆ ಆ ನಾಯಿಯನ್ನು ಹೂತ ಕಾಡಿಗೆ ತರುತ್ತಾಳೆ. ಉಪ್ಪು ಅರ್ಪಿಸಿ, ಕೂಸಿನ ಬಟ್ಟೆಯನ್ನು ಪೊದೆಗೆ ತೂಗುಹಾಕಿ, ಮರಕ್ಕೆ ಮೊಳೆ ಹೊಡೆಯುತ್ತಾರೆ. ಆಮೇಲೆ ಎರಡು ಕಾಂಡಗಳ ನಡುವೆ ಬೆತ್ತಲೆ ಕೂಸನ್ನು ಒಬ್ಬರಿಂದೊಬ್ಬರಿಗೆ 9 ಸಲ ಎಸೆಯಬೇಕು. ಕಾಡಿನವರು, ಅಂದರೆ ಅಲ್ಲಿನ ಕಣ್ಣಿಗೆ ಕಾಣದ ಜೀವಿಗಳು, ಬದಲಿಸಿಟ್ಟ ತಮ್ಮ ಈ ಕೂಸನ್ನು ಒಯ್ದು ನಮ್ಮದನ್ನು ಕೊಡಲಿ ಎಂಬುದು ಬೇಡಿಕೆ. ಕೊನೆಗೆ ಮರದ ಬುಡದಲ್ಲಿ ತೊಟ್ಟಿಲ ಹುಲ್ಲಿನ ಮೇಲೆ ಮಲಗಿಸಿ, ತಲೆಯ ಎರಡೂ ಬದಿಗೆ ಒಂದಂಗುಲದ ಮೇಣದಬತ್ತಿ ಹಚ್ಚಿ, ಅವು ಉರಿದು ಮುಗಿಯುವವರೆಗೆ ಅಳು ಕೇಳಿಸದಷ್ಟು ದೂರ ಹೋಗುವುದು. ಬೆಂಕಿ ತಗುಲಿ ಸತ್ತ ಕೂಸುಗಳಿದ್ದವು. ಬದುಕಿದ್ದರೆ ಶಲರೋನ್ ಹೊಳೆಯಲ್ಲಿ 9 ಮುಳುಗು.

ಈ ಕಡ್ಡಾಯ ಎಣಿಕೆ, ಒಂದಂಗುಲದ ಲೆಕ್ಕ ಪಾದ್ರಿ ಕೂತು ಕಟ್ಟಿದ್ದಲ್ಲ, ಮಾಡಿದವರಿಂದಲೇ ಬಂದದ್ದು. ಕಾಡಿನವರನ್ನು ಪಿಶಾಚಿಗಳೆಂದು ಕರೆದದ್ದು ಮಾತ್ರ ಅವನ ಬಣ್ಣ. ನಾಯಿಯ ಮೂಳೆ ತೆಗೆಸಿ, ಮರ ಕಡಿಸಿ, ಎರಡನ್ನೂ ಸುಡಿಸಿದ್ದು ಅವನ ಕೆಲಸ. ಅದೂ ಪೂರ್ತಿ ಫಲಿಸಲಿಲ್ಲ: 19ನೇ ಶತಮಾನದಲ್ಲೂ ಜನ ಅದೇ ಕಾಡಿಗೆ ಮಕ್ಕಳಿಗಾಗಿ ಬರುತ್ತಿದ್ದರು.

ಹೊಸಬರು ಎಡವುವುದು ಇಲ್ಲೇ. ಇದನ್ನು ಕ್ರೈಸ್ತಪೂರ್ವ ಪಳೆಯುಳಿಕೆ ಎಂದೋ, ಭಾರತದಿಂದ ಹೋದ ಕಥೆ ಎಂದೋ ಹೇಳಿ ಕೈತೊಳೆದುಕೊಳ್ಳುತ್ತಾರೆ. ಕಥೆ ಎಲ್ಲಿಂದಲಾದರೂ ಬಂದಿರಲಿ, ಕೂಸು ಎಸೆಯುವ ಆಚರಣೆ ಅದರ ಜೊತೆ ಬಂದದ್ದಲ್ಲ. ಎರಡನ್ನೂ ಬೇರೆಬೇರೆ ಓದಿ, ದೊಂಬ್‌ನಲ್ಲಿ ಅವು ಕೂಡಿದ್ದು ಹೇಗೆಂದು ಶ್ಮಿತ್ ಹುಡುಕುತ್ತಾರೆ. ಅಲ್ಲಿನ ಕೋಟೆ, ದೊರೆ, ಒಕ್ಕಲುಗಳ ನಡುವೆ.