ನಿಜಾಮನ ಕೈಯಲ್ಲಿದ್ದ ಚೀಟಿಗಳು

ನಾನು ಬಳ್ಳಾರಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ‘ಒಡೆದು ಆಳುವ ನೀತಿ’ ಅಂದ ಕೂಡಲೇ ಮಕ್ಕಳು ಕೈ ಎತ್ತುತ್ತಾರೆ. ‘ಭಾರತೀಯರ ನಡುವೆ ಜಗಳ ಹಚ್ಚಿ ಬ್ರಿಟಿಷರು ಆಳಿದರು’ ಅಂತ ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಎರಡು ಅಂಕದ ಉತ್ತರ, ಸರಿಯಾಗೇ ಇದೆ. ಆದರೆ ಹಚ್ಚಿದ ಜಗಳ ಅಷ್ಟು ಸುಲಭವಾಗಿ ಹತ್ತಿಕೊಂಡದ್ದು ಯಾಕೆ ಅಂತ ಕೇಳಿದರೆ ತರಗತಿ ಸುಮ್ಮನಾಗುತ್ತದೆ.

ಕೆಲವು ವರ್ಷಗಳ ಹಿಂದೆ ಇದನ್ನು ಮಕ್ಕಳ ಅನುಭವಕ್ಕೇ ತರೋಣ ಅಂತ ಹೋಗಿ ಒಂದು ತಪ್ಪು ಮಾಡಿದೆ. ಎಡಗಡೆ ಸಾಲಿಗೆ ಥ್ರೋಬಾಲ್ ಕೊಟ್ಟೆ. ಬಲಗಡೆಯವರಿಗೆ, ‘ನಿಮ್ಮ ಕೈಗೆ ಕೊಟ್ಟರೆ ಕಳೆದುಬಿಡ್ತೀರಂತೆ, ಅವರೇ ಹೇಳಿದ್ದು’ ಅಂದೆ. ಹತ್ತು ನಿಮಿಷದಲ್ಲಿ ಕೂಗಾಟ ಶುರುವಾಯಿತು. ಪೀರಿಯಡ್ ಕೊನೆಗೆ ಎಲ್ಲ ಬಿಡಿಸಿ ಹೇಳಬೇಕು ಅಂದುಕೊಂಡಿದ್ದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಮರುದಿನ ಬಿಸಿಯೂಟಕ್ಕೆ ದಿನಾ ಒಟ್ಟಿಗೆ ಕೂರುತ್ತಿದ್ದ ಇಬ್ಬರು ಹುಡುಗಿಯರಲ್ಲಿ ಒಬ್ಬಳು ವರಾಂಡದ ಈ ತುದಿಯಲ್ಲಿ, ಇನ್ನೊಬ್ಬಳು ಆ ತುದಿಯಲ್ಲಿ. ಕೂರಿಸಿಕೊಂಡು, ನಾನೇ ಕಟ್ಟಿದ ಮಾತು ಅದು ಅಂತ ಹೇಳಿದೆ. ಆದರೂ ಅವರು ಮತ್ತೆ ಮೊದಲಿನಂತಾಗಲು ವಾರಕ್ಕಿಂತ ಜಾಸ್ತಿ ಹಿಡಿಯಿತು. ಆಮೇಲೆ ಮಕ್ಕಳ ಸ್ನೇಹದ ಮೇಲೆ ಯಾವ ಪ್ರಯೋಗವನ್ನೂ ಮಾಡಿಲ್ಲ.

ಈಗ ನೆಲದ ಮೇಲೆ ಸೀಮೆಸುಣ್ಣದಲ್ಲಿ ದಕ್ಷಿಣ ಭಾರತದ ನಕ್ಷೆ ಬರೆಯುತ್ತೇನೆ. ಇಸವಿ 1790. ನಾಲ್ಕು ಮಕ್ಕಳು ನಿಲ್ಲುತ್ತಾರೆ: ಮೈಸೂರು, ಮರಾಠ, ಹೈದರಾಬಾದಿನ ನಿಜಾಮ, ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿ. ಕೈಯಲ್ಲಿ ಊರಿನ ಹೆಸರಿನ ಚೀಟಿಗಳು. ಮೊದಲು ಕೇಳುವುದು ಒಂದೇ: ‘ಮೈಸೂರಿನ ಮೇಲೆ ನಿನಗೆ ಯಾಕೆ ಸಿಟ್ಟು?’ ಕೃಷ್ಣಾ ತುಂಗಭದ್ರಾ ನಡುವಿನ ಸೀಮೆಯನ್ನು ಹೈದರ್ ಕಿತ್ತುಕೊಂಡ ಅನ್ನುತ್ತಾನೆ ಮರಾಠ. ಕಡಪ ಕೈಬಿಟ್ಟು ಹೋಯಿತು ಅನ್ನುತ್ತಾನೆ ನಿಜಾಮ. ಎರಡೂ ನಿಜವಾದ ಸಿಟ್ಟು, ಕಂಪನಿ ಹುಟ್ಟಿಸಿದ್ದಲ್ಲ. ಸೌದೆ ಒಡೆಯುವವರು ಬಿರುಕು ನೋಡಿ ಬೆಣೆ ಇಡುತ್ತಾರೆ, ಅಲ್ವಾ? ಹಳ್ಳಿ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಆ ಇಬ್ಬರನ್ನೂ ಜೊತೆಗೆ ಕಟ್ಟಿಕೊಂಡು ಮೈಸೂರಿನ ಮೇಲೆ ಯುದ್ಧಕ್ಕೆ ಹೋದ. 1792ರ ಶ್ರೀರಂಗಪಟ್ಟಣ ಒಪ್ಪಂದಕ್ಕೆ ಬಂದಾಗ ಮೈಸೂರು ತನ್ನ ಅರ್ಧ ಚೀಟಿಗಳನ್ನು ಕೊಡಬೇಕು. 3 ಕೋಟಿ 30 ಲಕ್ಷ ರೂಪಾಯಿ ಬೇರೆ. ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾಳು. ಮರಾಠರ ಗಡಿ ತುಂಗಭದ್ರೆಗೆ ಬಂತು, ನಿಜಾಮನಿಗೆ ಕಡಪ ಸಿಕ್ಕಿತು. ಮಲಬಾರ್, ಕೊಡಗು, ದಿಂಡಿಗಲ್ ಕಂಪನಿಗೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ನಿಜಾಮನ ಚೀಟಿಗಳು ಇನ್ನೂ ಹೆಚ್ಚಾದವು. ಆ ಹುಡುಗ ಖುಷಿಯಿಂದ ಎಣಿಸುತ್ತಾ ನಿಂತಿರುತ್ತಾನೆ.

ಆದರೆ 1798ರಲ್ಲೇ ನಿಜಾಮ ಸಹಾಯಕ ಸೈನ್ಯ ಪದ್ಧತಿಗೆ ಸಹಿ ಹಾಕಿದ್ದ. ಸೈನ್ಯ ಕಂಪನಿಯದು, ಖರ್ಚು ಇವನದು. 1800ರಲ್ಲಿ ಆ ಖರ್ಚಿಗಾಗಿ, ಪಾಲಿಗೆ ಬಂದಿದ್ದ ಸೀಮೆಯನ್ನೆಲ್ಲ ಕಂಪನಿಗೇ ಬಿಟ್ಟುಕೊಟ್ಟ. ಹುಡುಗ ಚೀಟಿಗಳನ್ನು ಒಂದೊಂದಾಗಿ ಓದಿ ಕೊಡುತ್ತಾನೆ. ಕಡಪ, ಅನಂತಪುರ, ಬಳ್ಳಾರಿ. ‘ಮೇಡಂ, ನಮ್ದು!’ ಅಂತ ಹಿಂದಿನ ಬೆಂಚಿನಿಂದಲೂ ಕೂಗು ಬರುತ್ತದೆ. ದತ್ತ ಮಂಡಲ, ಅಂದರೆ ಬಿಟ್ಟುಕೊಟ್ಟ ಸೀಮೆ, ಅನ್ನುವ ಹೆಸರು ಬಂದದ್ದು ಹೀಗೆ ಅಂತ ಆಗ ಹೇಳುತ್ತೇನೆ. ಮರಾಠರ ಸರದಿ ಬೇಗ ಮುಗಿಯುತ್ತದೆ: 1802ರಲ್ಲಿ ಮರಾಠರ ಮುಖ್ಯಸ್ಥ ಪೇಶ್ವೆ ಬಸ್ಸೀನ್‌ನಲ್ಲಿ ಅದೇ ಪದ್ಧತಿಗೆ ಸಹಿ ಹಾಕಿದ, 1818ಕ್ಕೆ ಪೇಶ್ವೆಗಿರಿಯೇ ಇಲ್ಲ.

ಹೋದ ವರ್ಷ ಒಬ್ಬ ಕೇಳಿದ, ‘ಮೇಡಂ, ಇವರೆಲ್ಲ ದಡ್ಡರಾ?’ ನಾನು ಉತ್ತರ ಹೇಳದೆ ನಿಜಾಮನ ಕಡೆ ನೋಡಿದೆ. ಖಾಲಿ ಕೈಯಲ್ಲಿ ನಿಂತಿದ್ದ ಹುಡುಗ, ‘ಇಲ್ಲ, ನಾನಾಗಿದ್ರೂ ಕಂಪನಿ ಜೊತೇನೇ ಹೋಗ್ತಿದ್ದೆ. ನನ್ನ ಕಡಪ ನನಗೆ ಬೇಕಿತ್ತಲ್ಲ’ ಅಂದ. ಇಷ್ಟು ಪ್ರಾಮಾಣಿಕ ಉತ್ತರವನ್ನು ನಾನು ಯಾವ ಉತ್ತರ ಪತ್ರಿಕೆಯಲ್ಲೂ ಓದಿಲ್ಲ.

ಮೈಸೂರು ಆಗಿದ್ದ ಹುಡುಗಿಗೆ ಇನ್ನೊಂದು ಪ್ರಶ್ನೆ. ‘ನಾನು ಮೊದಲೇ ವಾಪಸ್ ಕೊಟ್ಟಿದ್ರೆ?’ 1787ರ ಗಜೇಂದ್ರಗಡ ಒಪ್ಪಂದದಲ್ಲಿ ಟಿಪ್ಪು ಬಾದಾಮಿ, ನರಗುಂದ, ಕಿತ್ತೂರನ್ನು ಮರಾಠರಿಗೆ ಕೊಟ್ಟಿದ್ದ, ಮೂರೇ ವರ್ಷದಲ್ಲಿ ಅವರು ಕಂಪನಿ ಕಡೆ ಹೋದರು ಅಂತ ಹೇಳಿದೆ. ಅವಳು ಸ್ವಲ್ಪ ಹೊತ್ತು ನಕ್ಷೆ ನೋಡಿದಳು. ಆಮೇಲೆ ಮರಾಠನಾಗಿದ್ದವನ ಕಡೆ ತಿರುಗಿ, ‘ಇನ್ನೇನು ಬೇಕಿತ್ತು ನಿನಗೆ?’ ಅಂತ ಕೇಳಿದಳು. ಅವನು ಯೋಚಿಸುತ್ತಾ ನಿಂತ.