ಬೇರೆ ದೇಶದವರೊಂದಿಗೆ ಮದುವೆಯಾದ ಮೇಲೆ ಹೆಂಡತಿಯ ಉಪನಾಮ ಬದಲಾಯಿಸುವುದು ಹೇಗೆ?

ಬೇರೆ ದೇಶದ ಪ್ರಜೆಯನ್ನು ಮದುವೆಯಾದವರು, ಇಲ್ಲವೇ ಸದ್ಯದಲ್ಲೇ ಆಗಲಿರುವವರು, ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ‘ಮದುವೆಯ ನೋಂದಣಿ ಮುಗಿಯಿತು, ಇನ್ನು ಹೆಂಡತಿಯ ಉಪನಾಮವನ್ನು ದಾಖಲೆಗಳಲ್ಲಿ ಬದಲಾಯಿಸಬೇಕು; ಯಾವ ಕಚೇರಿಯಿಂದ ಆರಂಭಿಸಬೇಕು?’ ಹೀಗೆ ಕೇಳುವವರಲ್ಲಿ ಹೆಂಡತಿಯರಿಗಿಂತ ಗಂಡಂದಿರೇ ಹೆಚ್ಚು. ಒಂದು ಕಚೇರಿಯ ಹೆಸರು ಹೇಳಿ ಮುಗಿಸಬಹುದಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಒಂದೇ ದೇಶದ ಇಬ್ಬರು ಮದುವೆಯಾದಾಗ ಹೆಸರಿನ ವಿಷಯದಲ್ಲಿ ಒಂದೇ ಕಾನೂನಿಗೆ ಉತ್ತರ ಕೊಟ್ಟರೆ ಸಾಕು. ದಂಪತಿ ಬೇರೆ ಬೇರೆ ದೇಶದವರಾದಾಗ ಹೆಂಡತಿಯ ದೇಶ, ಗಂಡನ ದೇಶ, ಮದುವೆ ನಡೆದ ದೇಶ ಮತ್ತು ಮುಂದೆ ಸಂಸಾರ ಹೂಡುವ ದೇಶ ಎಂದು ನಾಲ್ಕು ಕಾನೂನುಗಳು ಎದುರಾಗಬಹುದು. ಆ ನಾಲ್ಕೂ ಒಂದೇ ಮಾತು ಹೇಳುತ್ತವೆ ಎಂದು ನಂಬಿಕೊಂಡು ಅರ್ಜಿ ಹಾಕುವುದರಿಂದಲೇ ತೊಡಕು ಶುರುವಾಗುತ್ತದೆ.

ಆದ್ದರಿಂದ ನಾನು ಮೊದಲು ತಿರುಗಿ ಕೇಳುವುದು ‘ಬದಲಾಯಿಸಬೇಕು ಎಂದು ಹೇಳಿದವರು ಯಾರು?’ ಎಂದು. ಬಹಳಷ್ಟು ಮಂದಿ ಕೊಡುವ ಕಾರಣವೆಂದರೆ, ಇಬ್ಬರ ಉಪನಾಮ ಬೇರೆಯಾಗಿದ್ದರೆ ಸಂಗಾತಿಯ ವೀಸಾ ಸಿಗುವುದಿಲ್ಲ ಎಂಬ ಭಯ. ಇದು ತಪ್ಪು ತಿಳಿವಳಿಕೆ. ಗಂಡ ಹೆಂಡತಿ ಎನ್ನುವುದಕ್ಕೆ ಪುರಾವೆಯಾಗಿ ವೀಸಾ ಅಧಿಕಾರಿ ನೋಡುವುದು ವಿವಾಹ ಪ್ರಮಾಣಪತ್ರವನ್ನೇ ಹೊರತು ಉಪನಾಮವನ್ನಲ್ಲ. ಹೆಂಡತಿಯ ಹೆಸರು ಮದುವೆಯಿಂದ ಬದಲಾಗದ ದೇಶಗಳೇ ಜಗತ್ತಿನಲ್ಲಿ ಸಾಕಷ್ಟಿರುವಾಗ ಬೇರೆ ರೀತಿ ನಡೆಯುವಂತೆಯೂ ಇಲ್ಲ. ಚೀನಾ, ಕೊರಿಯಾ, ವಿಯೆಟ್ನಾಂ, ಸ್ಪೇನ್, ಬೆಲ್ಜಿಯಂಗಳಲ್ಲಿ ಹೆಣ್ಣುಮಕ್ಕಳು ಹುಟ್ಟಿನ ಹೆಸರಿನಲ್ಲೇ ಉಳಿಯುತ್ತಾರೆ. ಇಟಲಿಯ ಕಾನೂನು ಗಂಡನ ಉಪನಾಮವನ್ನು ಹೆಂಡತಿಯ ಹೆಸರಿಗೆ ಸೇರಿಸುತ್ತದೆಯಾದರೂ ಸರ್ಕಾರಿ ದಾಖಲೆಗಳು ನಡೆಯುವುದು ಹುಟ್ಟಿನ ಹೆಸರಿನಲ್ಲೇ. ಹೆಂಡತಿ ಹುಟ್ಟಿನ ಹೆಸರಿನಲ್ಲೇ ಉಳಿಯಬೇಕು ಎಂದು ಗ್ರೀಸ್ 1983ರಲ್ಲಿ ಕಾನೂನು ಮಾಡಿತು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1981ರ ಏಪ್ರಿಲ್‌ನಿಂದ ಇದೇ ನಿಯಮವಿದ್ದು, ಮದುವೆ ಹೊರಗೆಲ್ಲೋ ನಡೆದಿದ್ದರೂ ಅಲ್ಲಿ ನೆಲೆಸಿರುವವರಿಗೆ ಅದು ಅನ್ವಯಿಸುತ್ತದೆ. ಭಾರತದಲ್ಲೂ ಮದುವೆಯಾದ ಹೆಣ್ಣು ಹೆಸರು ಬದಲಾಯಿಸಲೇಬೇಕು ಎನ್ನುವ ಕಾನೂನಿಲ್ಲ. ಹಳೆಯ ಹೆಸರಿನ ಪಾಸ್‌ಪೋರ್ಟ್ ಮದುವೆಯ ನಂತರವೂ ಹಾಗೆಯೇ ನಡೆಯುತ್ತದೆ. ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಗಾಗಿ 1979ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಪ್ಪಂದದ 16ನೇ ವಿಧಿಯು ಉಪನಾಮವನ್ನು ಆಯ್ದುಕೊಳ್ಳುವ ಹಕ್ಕು ಗಂಡನಿಗಿರುವಷ್ಟೇ ಹೆಂಡತಿಗೂ ಇದೆ ಎನ್ನುತ್ತದೆ.

ಇನ್ನು ಕೆಲವು ದೇಶಗಳು ನಡುದಾರಿ ಹಿಡಿದಿವೆ. ಫ್ರಾನ್ಸ್‌ನಲ್ಲಿ ಜನನ ದಾಖಲೆಯಲ್ಲಿರುವ ಹೆಸರನ್ನು ಬಿಟ್ಟು ಬೇರೊಂದನ್ನು ಯಾರೂ ಹೊಂದುವಂತಿಲ್ಲ ಎಂಬ 1794ರ ಕಾನೂನು ಇಂದಿಗೂ ತಳಹದಿಯಾಗಿದೆ. ಆದರೂ ಗಂಡನಾಗಲಿ ಹೆಂಡತಿಯಾಗಲಿ ಸಂಗಾತಿಯ ಉಪನಾಮವನ್ನು ಬಳಕೆಯ ಹೆಸರಾಗಿ ಇಟ್ಟುಕೊಳ್ಳಬಹುದು, ಪಾಸ್‌ಪೋರ್ಟ್‌ನಲ್ಲಿ ಅದನ್ನು ಪ್ರತ್ಯೇಕವಾಗಿ ನಮೂದಿಸಿಕೊಳ್ಳಲೂಬಹುದು. ನೆದರ್ಲೆಂಡ್ಸ್‌ನಲ್ಲೂ ಕಾನೂನಿನ ಹೆಸರು ಬದಲಾಗುವುದಿಲ್ಲ, ಆದರೆ ಸರ್ಕಾರ ಪತ್ರ ಬರೆಯುವಾಗ ಯಾವ ಉಪನಾಮದಿಂದ ಕರೆಯಬೇಕು ಎಂಬುದನ್ನು ಜನಸಂಖ್ಯಾ ನೋಂದಣಿಯಲ್ಲಿ ದಾಖಲಿಸಬಹುದು. ಇಂಥ ದೇಶದ ಹೆಂಡತಿಯೊಬ್ಬಳು ಗಂಡನ ಉಪನಾಮವಿರುವ ಬ್ಯಾಂಕ್ ಖಾತೆ ಹೊಂದಿರಬಹುದು, ಮನೆಯ ಬಾಗಿಲಿನ ಫಲಕದಲ್ಲೂ ಅದೇ ಇರಬಹುದು. ಹಾಗಿದ್ದೂ ಕಾನೂನಿನ ದೃಷ್ಟಿಯಲ್ಲಿ ಅವಳ ಹೆಸರು ಬದಲಾಗಿಲ್ಲ. ಗಂಡನ ದೇಶದ ಗುಮಾಸ್ತರಿಗೆ ಇದನ್ನು ವಿವರಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ ಎನ್ನುವುದು ಬೇರೆ ಮಾತು.

ಎರಡು ದೇಶಗಳ ಕಾನೂನು ಹೇಗೆ ಒಂದರ ಪಕ್ಕ ಒಂದು ನಿಲ್ಲುತ್ತದೆ ಎಂಬುದಕ್ಕೆ ಜಪಾನ್ ಒಳ್ಳೆಯ ಉದಾಹರಣೆ. ಅಲ್ಲಿನ ನಾಗರಿಕ ಸಂಹಿತೆಯ 750ನೇ ವಿಧಿಯ ಪ್ರಕಾರ ಇಬ್ಬರು ಜಪಾನೀಯರು ಮದುವೆಯಾದರೆ ಇಬ್ಬರಿಗೂ ಒಂದೇ ಉಪನಾಮ ಇರಲೇಬೇಕು. ಆದರೆ ಒಬ್ಬರು ವಿದೇಶಿಯರಾದರೆ ಈ ಕಟ್ಟಳೆ ಅನ್ವಯಿಸುವುದಿಲ್ಲ, ಮದುವೆಯಿಂದ ಯಾರ ಹೆಸರೂ ತಾನಾಗಿ ಬದಲಾಗುವುದಿಲ್ಲ. ವಿದೇಶಿ ಗಂಡನ ಉಪನಾಮ ಬೇಕೆನ್ನುವ ಜಪಾನೀ ಹೆಂಡತಿ ಮದುವೆಯಾದ 6 ತಿಂಗಳೊಳಗೆ ಪುರಸಭೆಯ ಕಚೇರಿಗೆ ಒಂದು ತಿಳಿವಳಿಕೆ ಪತ್ರ ಕೊಟ್ಟರೆ ಸಾಕು. ಆ ಗಡುವು ದಾಟಿದರೆ ಕುಟುಂಬ ನ್ಯಾಯಾಲಯದ ಅನುಮತಿ ಪಡೆಯಬೇಕಾಗುತ್ತದೆ. ಕೌಟುಂಬಿಕ ನೋಂದಣಿ ಕಾನೂನಿನಲ್ಲಿ ಈ ಅನುಕೂಲ ಬಂದದ್ದು 1985ರಿಂದ. ಇದಕ್ಕೆ ವಿರುದ್ಧವಾಗಿ, ಜಪಾನೀ ಗಂಡನನ್ನು ಮದುವೆಯಾದ ವಿದೇಶಿ ಹೆಂಡತಿಗೆ ಅಲ್ಲಿ ಬದಲಾಯಿಸಿಕೊಳ್ಳಲು ಅಂಥ ದಾರಿಯೇ ಇಲ್ಲ, ಏಕೆಂದರೆ ಕೌಟುಂಬಿಕ ನೋಂದಣಿ ಇರುವುದು ಜಪಾನೀ ಪ್ರಜೆಗಳಿಗೆ ಮಾತ್ರ. ಅವಳ ವಾಸದ ಕಾರ್ಡಿನ ಹೆಸರು ಅವಳ ಸ್ವಂತ ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೆ ಬರುತ್ತದೆ. ಗಂಡನ ಉಪನಾಮವನ್ನು ಅಲ್ಲಿನ ನಿವಾಸಿಗಳ ದಾಖಲೆಯಲ್ಲಿ ವ್ಯವಹಾರದ ಹೆಸರಾಗಿ ಸೇರಿಸಿಕೊಳ್ಳಲು ಅವಕಾಶವಿದೆ, ಆದರೆ ಅದು ಗಡಿ ದಾಟುವ ಹೆಸರಲ್ಲ.

ಜರ್ಮನಿ ಇನ್ನೊಂದು ದಾರಿ ಹಿಡಿಯಿತು. ವ್ಯಕ್ತಿಯ ಹೆಸರನ್ನು ಅವರ ಪೌರತ್ವದ ದೇಶದ ಕಾನೂನು ನಿರ್ಧರಿಸುತ್ತದೆ ಎಂಬುದು ಅಲ್ಲಿ ಬಹುಕಾಲದಿಂದ ಇದ್ದ ನಿಯಮ. 2025ರ ಮೇ 1ರಿಂದ ಅದು ಬದಲಾಗಿ, ವ್ಯಕ್ತಿ ಖಾಯಂ ಆಗಿ ವಾಸವಿರುವ ದೇಶದ ಕಾನೂನೇ ಮೊದಲ ಅಳತೆಯಾಗಿದೆ, ಪೌರತ್ವದ ದೇಶದ ಕಾನೂನನ್ನು ಆಯ್ದುಕೊಳ್ಳಲೂ ಅವಕಾಶವಿದೆ. ಅದೇ ದಿನದಿಂದ ಇಬ್ಬರ ಉಪನಾಮಗಳನ್ನೂ ಜೋಡಿಸಿ ಗಂಡ ಹೆಂಡತಿ ಇಬ್ಬರೂ ಹೊಂದಬಹುದು. ಅನುಕೂಲವೇ ಸರಿ. ಆದರೆ ಅಲ್ಲಿ ನೆಲೆಸಿರುವ ವಿದೇಶಿ ಹೆಂಡತಿ ಜರ್ಮನ್ ಕಾನೂನಿನಂತೆ ಹೊಸ ಉಪನಾಮ ಪಡೆದ ಮಾತ್ರಕ್ಕೆ ಅವಳ ತವರು ದೇಶದ ಪಾಸ್‌ಪೋರ್ಟ್ ತಾನಾಗಿ ಬದಲಾಗದು. ತವರಿನ ಕಾನೂನು ಆ ಬದಲಾವಣೆಯನ್ನು ಒಪ್ಪದಿದ್ದರೆ ಒಬ್ಬಳೇ ಹೆಣ್ಣುಮಗಳಿಗೆ ಎರಡು ದೇಶಗಳಲ್ಲಿ ಎರಡು ಹೆಸರುಗಳಾಗುತ್ತವೆ.

ಇಷ್ಟು ಹೇಳಿದ ಮೇಲೆ ‘ಎಲ್ಲಿಂದ ಆರಂಭ’ ಎಂಬುದಕ್ಕೆ ಉತ್ತರ ಸುಲಭ: ಹೆಂಡತಿಯ ಸ್ವಂತ ದೇಶದ ಪಾಸ್‌ಪೋರ್ಟ್‌ನಿಂದ. ಗಂಡನ ದೇಶದ ವಾಸದ ಪರವಾನಗಿ, ಅಲ್ಲಿನ ತೆರಿಗೆ ಸಂಖ್ಯೆ, ಚಾಲನಾ ಪರವಾನಗಿ, ಬ್ಯಾಂಕ್ ಖಾತೆ ಇವೆಲ್ಲ ಸಾಮಾನ್ಯವಾಗಿ ಆ ಪಾಸ್‌ಪೋರ್ಟ್ ಅನ್ನೇ ಅನುಸರಿಸುತ್ತವೆ. ಅವುಗಳಿಂದ ಶುರು ಮಾಡಿ ಪಾಸ್‌ಪೋರ್ಟ್‌ಗೆ ಬರುವುದು ಬುಡ ಬಿಟ್ಟು ಕೊಂಬೆಗೆ ನೀರೆರೆದಂತೆ. ಪಾಸ್‌ಪೋರ್ಟ್ ಬದಲಾಗಬೇಕಾದರೆ ಬೇರೊಂದು ದೇಶದಲ್ಲಿ ನಡೆದ ಮದುವೆಯನ್ನು ಅವಳ ದೇಶ ಒಪ್ಪಬೇಕು, ಅದಕ್ಕೆ ವಿವಾಹ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಮುದ್ರೆಯೂ (ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪಲೆಂದು ಹಾಕುವ ದೃಢೀಕರಣ) ಅಧಿಕೃತ ಅನುವಾದವೂ ಬೇಕಾಗಬಹುದು. ಈ ಮುದ್ರೆಯ ವ್ಯವಸ್ಥೆಯನ್ನು ತಂದ 1961ರ ಹೇಗ್ ಒಪ್ಪಂದಕ್ಕೆ ಸೇರಿರುವ ದೇಶಗಳು ಈಗ 120ಕ್ಕೂ ಹೆಚ್ಚು; ಭಾರತದಲ್ಲಿ ಅದು 2005ರಲ್ಲಿ, ಚೀನಾದಲ್ಲಿ 2023ರ ನವೆಂಬರ್‌ನಲ್ಲಿ, ಕೆನಡಾದಲ್ಲಿ 2024ರ ಜನವರಿಯಲ್ಲಿ ಜಾರಿಗೆ ಬಂತು. ಎರಡೂ ದೇಶಗಳು ಸದಸ್ಯರಾಗಿದ್ದರೂ ಒಂದು ಇನ್ನೊಂದರ ಸೇರ್ಪಡೆಗೆ ಆಕ್ಷೇಪ ಸಲ್ಲಿಸಿದ್ದರೆ ಅವುಗಳ ನಡುವೆ ಅಪೊಸ್ಟಿಲ್ ನಡೆಯುವುದಿಲ್ಲ, ರಾಯಭಾರ ಕಚೇರಿಯ ದೃಢೀಕರಣದ ಹಳೆಯ ದಾರಿಯೇ ಗತಿ. ಐರೋಪ್ಯ ಒಕ್ಕೂಟದ ಒಳಗೆ ಮಾತ್ರ 2019ರ ಫೆಬ್ರವರಿಯಿಂದ ವಿವಾಹ ಪತ್ರಕ್ಕೆ ಅಪೊಸ್ಟಿಲ್ ಕೇಳುವಂತಿಲ್ಲ, ಬಹುಭಾಷಾ ನಮೂನೆಯೊಂದನ್ನು ಜೊತೆಗಿಟ್ಟರೆ ಸಾಮಾನ್ಯವಾಗಿ ಅನುವಾದವೂ ಬೇಡ.

ಅಪೊಸ್ಟಿಲ್ ದೃಢೀಕರಿಸುವುದು ಸಹಿ, ಸಹಿ ಹಾಕಿದವರ ಅಧಿಕಾರ ಮತ್ತು ಮೊಹರನ್ನು ಮಾತ್ರ. ಪತ್ರದಲ್ಲಿ ಬರೆದಿರುವುದು ನಿಜ ಎಂದಲ್ಲ. ಪ್ರಮಾಣಪತ್ರದಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದ್ದರೆ ಆ ತಪ್ಪು ಮುದ್ರೆಯೊಂದಿಗೇ ಪ್ರಯಾಣ ಮಾಡುತ್ತದೆ. ಆದ್ದರಿಂದ ಮದುವೆ ನೋಂದಣಿಯ ದಿನವೇ, ಎದುರಿಗೆ ಕುಳಿತ ಅಧಿಕಾರಿಗೆ ಎಷ್ಟೇ ಬೇಸರವಾದರೂ ಸರಿ, ಇಬ್ಬರ ಪಾಸ್‌ಪೋರ್ಟ್ ತೆರೆದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಬೇಕು. ಮದುವೆಯ ನಂತರ ಹೊಂದಲಿರುವ ಉಪನಾಮ ಆ ಪತ್ರದಲ್ಲಿ ಬರುತ್ತದೆಯೇ ಎಂಬುದನ್ನೂ ಅಲ್ಲೇ ಕೇಳಿ. ಕೆಲವು ದೇಶಗಳ ಪತ್ರದಲ್ಲಿ ಮದುವೆಗೆ ಮುಂಚಿನ ಹೆಸರಷ್ಟೇ ಇರುತ್ತದೆ. ಹೊಸ ಉಪನಾಮ ಕಾಗದದ ಮೇಲಿಲ್ಲದಿದ್ದರೆ ತವರಿನ ಕಚೇರಿ ಬೇರೆ ಪುರಾವೆ ಕೇಳಬಹುದು.

ಅಕ್ಷರಗಳ ವಿಷಯ ಇಷ್ಟಕ್ಕೇ ನಿಲ್ಲುವುದಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಂತೆ ಪಾಸ್‌ಪೋರ್ಟ್‌ನ ಯಂತ್ರ ಓದುವ ಸಾಲಿನಲ್ಲಿ ಪೂರ್ತಿ ಹೆಸರಿಗೆ ಮೀಸಲಿರುವುದು 39 ಸ್ಥಾನಗಳು, ಅದೂ ಬರಿಯ ರೋಮನ್ ಅಕ್ಷರಗಳಲ್ಲಿ. ಚುಕ್ಕಿಯಿರುವ ಜರ್ಮನ್ ಸ್ವರಗಳು ಅಲ್ಲಿ ಎರಡೆರಡು ಅಕ್ಷರಗಳಾಗುವುದರಿಂದ, ಗಂಡನ ಉಪನಾಮವನ್ನು ಅವನ ಪಾಸ್‌ಪೋರ್ಟ್‌ನ ಮೇಲಿನ ಭಾಗದಿಂದ ನಕಲು ಮಾಡಬೇಕೋ ಕೆಳಗಿನ ಸಾಲಿನಿಂದ ಮಾಡಬೇಕೋ ಎಂಬ ಪ್ರಶ್ನೆ ಹೆಂಡತಿಯ ದೇಶದ ಕಚೇರಿಯಲ್ಲಿ ಏಳುತ್ತದೆ. ಸ್ಪೇನ್‌ನ ಗಂಡನಿಗೆ ಎರಡು ಉಪನಾಮಗಳಿರುತ್ತವೆ. ಒಂದನ್ನೇ ತೆಗೆದುಕೊಳ್ಳಬೇಕೋ ಎರಡನ್ನೂ ತೆಗೆದುಕೊಳ್ಳಬೇಕೋ ಎಂದು ಅವನ ದೇಶವನ್ನು ಕೇಳಿ ಫಲವಿಲ್ಲ, ಅಲ್ಲಿ ಹೆಂಡತಿಯರು ಅದನ್ನು ತೆಗೆದುಕೊಳ್ಳುವುದೇ ಇಲ್ಲ. ಚೆಕ್ ದೇಶದಲ್ಲಿ ಹೆಣ್ಣಿನ ಉಪನಾಮಕ್ಕೆ ‘ಓವಾ’ ಎಂಬ ಕೊನೆ ಸೇರುವುದು ರೂಢಿ; ಅದಿಲ್ಲದ ರೂಪವನ್ನು ಯಾವ ಹೆಣ್ಣುಮಗಳಾದರೂ ಕಾರಣ ಹೇಳದೆ ಆರಿಸಿಕೊಳ್ಳಲು 2022ರಿಂದ ಅವಕಾಶವಾಗಿದೆ.

ಉಪನಾಮವೇ ಇಲ್ಲದ, ಒಂದೇ ಹೆಸರಿನ ಪಾಸ್‌ಪೋರ್ಟ್ ಹೊಂದಿರುವ ಹೆಂಡತಿಯ ಪ್ರಶ್ನೆ ಬೇರೆಯದು. ಅಮೆರಿಕದ ವೀಸಾದಲ್ಲಿ ಅವಳ ಇದ್ದೊಂದು ಹೆಸರು ಉಪನಾಮದ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಮೊದಲ ಹೆಸರು ತಿಳಿದಿಲ್ಲ’ ಎಂಬರ್ಥದ ಸಂಕ್ಷೇಪ ಬರುತ್ತದೆ. ಅರಬ್ ಸಂಯುಕ್ತ ಸಂಸ್ಥಾನವು ಒಂದೇ ಹೆಸರಿನ ಪಾಸ್‌ಪೋರ್ಟ್‌ಗೆ ಭೇಟಿ ವೀಸಾ ಕೊಡುವುದನ್ನು 2022ರ ನವೆಂಬರ್‌ನಲ್ಲಿ ನಿಲ್ಲಿಸಿತು. ಬದಲಾವಣೆ ಬೇಡ ಎನ್ನುವುದು ನನ್ನ ಸಾಮಾನ್ಯ ಸಲಹೆಯಾದರೂ ಇಂಥವರಿಗೆ ಮಾತ್ರ ಮದುವೆಯ ಸಂದರ್ಭದಲ್ಲೇ ಒಂದು ಉಪನಾಮ ಮಾಡಿಕೊಳ್ಳಿ ಎನ್ನುತ್ತೇನೆ. ಅದು ಗಂಡನದೇ ಆಗಬೇಕೆಂದಿಲ್ಲ.

ಸಮಯದ ಲೆಕ್ಕವನ್ನೂ ಹಾಕಬೇಕು. ವಿಮಾನದ ಟಿಕೆಟ್‌ನಲ್ಲಿರುವ ಹೆಸರು ಕೈಯಲ್ಲಿರುವ ಪಾಸ್‌ಪೋರ್ಟ್‌ಗೆ ಹೊಂದಬೇಕಾದ್ದರಿಂದ, ಹೊಸ ಹೆಸರಿನಲ್ಲಿ ಟಿಕೆಟ್ ಕೊಂಡು ಹಳೆಯ ಪಾಸ್‌ಪೋರ್ಟ್ ಹಿಡಿದು ಹೊರಡುವುದು ಬೇಡ. ಬ್ರಿಟನ್ ಮದುವೆಗೆ 3 ತಿಂಗಳು ಮುಂಚಿತವಾಗಿಯೇ ಹೊಸ ಹೆಸರಿನ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಲು ಬಿಡುತ್ತದೆ; ಆದರೆ ಹಳೆಯದು ರದ್ದಾಗುತ್ತದೆ, ಹೊಸದನ್ನು ಮದುವೆಯ ದಿನದವರೆಗೆ ಬಳಸುವಂತಿಲ್ಲ, ಮುಂದಿನ ದಿನಾಂಕದ ಅಂಥ ಪಾಸ್‌ಪೋರ್ಟ್‌ಗೆ ಕೆಲವು ದೇಶಗಳು ವೀಸಾ ಕೊಡುವುದೂ ಇಲ್ಲ. ಮದುವೆಯೇ ಬೇರೆ ದೇಶದಲ್ಲಿ ನಡೆಯಲಿದ್ದರೆ ಈ ಸೌಲಭ್ಯ ಉಪಕಾರಕ್ಕಿಂತ ಉಪದ್ರವವೇ ಆಗಬಹುದು. ಎರಡು ಪೌರತ್ವ ಇರುವವರಿಗೆ ಬ್ರಿಟನ್‌ನ ಪಾಸ್‌ಪೋರ್ಟ್ ಕಚೇರಿ ಇನ್ನೊಂದು ದೇಶದ ಪಾಸ್‌ಪೋರ್ಟ್‌ನಲ್ಲೂ ಅದೇ ಹೆಸರಿರಬೇಕು ಎಂದು ಕೇಳುತ್ತದೆ.

ಬದಲಾಯಿಸಲು ಹೊರಟವರು ಬಹುಮಟ್ಟಿಗೆ ಕೇಳದೇ ಇರುವ ಪ್ರಶ್ನೆ, ಹಳೆಯ ಹೆಸರಿಗೆ ಮರಳಲು ದಾರಿಯಿದೆಯೇ ಎನ್ನುವುದು. ಫಿಲಿಪೀನ್ಸ್‌ನಲ್ಲಿ ಹೆಂಡತಿ ಗಂಡನ ಉಪನಾಮ ತೆಗೆದುಕೊಳ್ಳಲೇಬೇಕೆಂದಿಲ್ಲ. ಆದರೆ ಒಮ್ಮೆ ಪಾಸ್‌ಪೋರ್ಟ್‌ನಲ್ಲಿ ಬರೆಸಿಕೊಂಡ ಮೇಲೆ ಮದುವೆ ಉಳಿದಿರುವವರೆಗೆ ಹುಟ್ಟಿನ ಹೆಸರಿಗೆ ಮರಳುವಂತಿಲ್ಲ ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ತೀರ್ಪು ಕೊಟ್ಟಿತ್ತು. ಮರಳುವ ಅವಕಾಶ, ಅದೂ ಒಂದು ಸಲಕ್ಕೆ ಮಾತ್ರ, ಸಿಕ್ಕಿದ್ದು 2024ರ ಹೊಸ ಪಾಸ್‌ಪೋರ್ಟ್ ಕಾನೂನಿನಿಂದ. ವಿದೇಶಿ ಗಂಡನ ಉಪನಾಮವನ್ನು ತಿಳಿವಳಿಕೆ ಪತ್ರದಿಂದ ಪಡೆದಿದ್ದ ಜಪಾನೀ ಹೆಂಡತಿ ವಿಚ್ಛೇದನವಾದರೆ 3 ತಿಂಗಳೊಳಗೆ ತಿಳಿವಳಿಕೆ ಪತ್ರ ಕೊಟ್ಟು ಹಳೆಯ ಉಪನಾಮಕ್ಕೆ ಮರಳಬಹುದು, ಆಮೇಲೆ ಮತ್ತೆ ನ್ಯಾಯಾಲಯ. ಹೊಸದಾಗಿ ಮದುವೆಯಾದವರ ಮುಂದೆ ವಿಚ್ಛೇದನದ ಮಾತೆತ್ತುವುದು ಅಪಶಕುನದಂತೆ ಕೇಳಿಸುತ್ತದೆ ಎಂದು ಗೊತ್ತಿದ್ದೂ ಎತ್ತುತ್ತೇನೆ, ಏಕೆಂದರೆ ಅರ್ಜಿ ತುಂಬುವ ದಿನ ಇದನ್ನು ಹೇಳುವವರು ಬೇರೆ ಯಾರೂ ಇರುವುದಿಲ್ಲ.

ಎಲ್ಲವನ್ನೂ ತಿಳಿದು ಬದಲಾಯಿಸುತ್ತೇನೆ ಎನ್ನುವವರಿಗೆ ನಾನು ಹೇಳುವುದು, ಅರ್ಧಕ್ಕೆ ನಿಲ್ಲಿಸಬೇಡಿ ಎಂದು. ಹೆಸರನ್ನು ಬದಲಾಯಿಸದೇ ಇರುವುದರಿಂದ ತೊಂದರೆ ಕಡಿಮೆ. ಎಲ್ಲೆಡೆ ಬದಲಾಯಿಸಿದರೂ ಕಾಲಕ್ರಮದಲ್ಲಿ ಸರಿಹೋಗುತ್ತದೆ. ಪಾಸ್‌ಪೋರ್ಟ್‌ನಲ್ಲಿ ಒಂದು, ಬ್ಯಾಂಕಿನಲ್ಲಿ ಒಂದು, ಆಸ್ತಿಪತ್ರದಲ್ಲಿ ಇನ್ನೊಂದು ಎಂದಾದಾಗಲೇ ಅಫಿಡವಿಟ್‌ಗಳ ಸರಣಿ ಶುರುವಾಗುವುದು. ಪದವಿ ಪ್ರಮಾಣಪತ್ರಗಳನ್ನು ಮಾತ್ರ ಹಾಗೆಯೇ ಬಿಡಬಹುದು, ಅವು ಪಡೆದ ದಿನದ ಹೆಸರನ್ನು ಹೇಳುವ ದಾಖಲೆಗಳು. ಎರಡು ಹೆಸರುಗಳನ್ನು ಜೋಡಿಸಲು ವಿವಾಹ ಪ್ರಮಾಣಪತ್ರವೂ ರದ್ದಾದ ಹಳೆಯ ಪಾಸ್‌ಪೋರ್ಟ್ ಕೂಡ ಸಾಕಾಗುತ್ತವೆ. ಹಾಗಾಗಿ ಹಳೆಯ ಪಾಸ್‌ಪೋರ್ಟ್ ಅನ್ನು ಎಸೆಯಬಾರದು, ವಿವಾಹ ಪತ್ರದ ಅಧಿಕೃತ ಪ್ರತಿಗಳನ್ನು ಮದುವೆಯಾದ ದೇಶ ಬಿಡುವ ಮೊದಲೇ ಹೆಚ್ಚಾಗಿ ಪಡೆದಿಟ್ಟುಕೊಳ್ಳಬೇಕು. ದೂರದಿಂದ ತರಿಸುವುದು ನಿಧಾನದ ಕೆಲಸ.

ಕೊನೆಗೆ ಮಕ್ಕಳ ಮಾತು ಬರುತ್ತದೆ: ತಾಯಿಯ ಉಪನಾಮ ಬೇರೆ, ಮಗುವಿನದು ಬೇರೆ ಆದರೆ ಗಡಿಯಲ್ಲಿ ತಡೆಯುವುದಿಲ್ಲವೇ? ತಡೆದು ಕೇಳಬಹುದು. ಮಗುವಿನ ಜನನ ಪ್ರಮಾಣಪತ್ರದ ಪ್ರತಿಯೂ, ಒಬ್ಬರೇ ಕರೆದೊಯ್ಯುತ್ತಿದ್ದರೆ ಇನ್ನೊಬ್ಬ ಪೋಷಕರ ಸಹಿಯಿರುವ ಒಪ್ಪಿಗೆ ಪತ್ರವೂ ಕೈಚೀಲದಲ್ಲಿರಲಿ. ಉಪನಾಮ ಒಂದೇ ಆಗಿದ್ದರೂ ಮಗುವಿನೊಂದಿಗೆ ಒಬ್ಬರೇ ಪ್ರಯಾಣಿಸುವಾಗ ಹಲವು ದೇಶಗಳ ಅಧಿಕಾರಿಗಳು ಆ ಒಪ್ಪಿಗೆ ಪತ್ರವನ್ನು ಕೇಳುತ್ತಾರೆ. ಅದಕ್ಕಾಗಿಯೇ ತಾಯಿ ಹೆಸರು ಬದಲಾಯಿಸಬೇಕಿಲ್ಲ.