ಪಾಲಕರಿಗೆ ಅರಿವಿಲ್ಲ ಎಂದು ಬರೆಯುವ ಮುನ್ನ

ಯಾದಗಿರಿ ಜಿಲ್ಲೆಯ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಕ್ಷೇತ್ರ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಸಮನ್ವಯಾಧಿಕಾರಿಗಳು ಹಾಗೂ ಶಾಲೆಗಳ ಕ್ಲಸ್ಟರ್ ಮಟ್ಟದ ಸಂಪನ್ಮೂಲ ವ್ಯಕ್ತಿಗಳಿಗೆ (ಸಿಆರ್‌ಪಿ) ಮಾನವ ಕೇಂದ್ರಿತ ವಿನ್ಯಾಸದ ತರಬೇತಿ ನೀಡುವುದು ನನ್ನ ಕೆಲಸ. ಪರಿಹಾರವನ್ನು ಮೊದಲೇ ನಿಶ್ಚಯಿಸಿಕೊಳ್ಳದೆ, ಅದು ಯಾರಿಗಾಗಿಯೋ ಅವರ ದಿನಚರಿಯನ್ನು ಅರಿತು, ಸಮಸ್ಯೆ ಯಾವುದೆಂದು ಖಚಿತಪಡಿಸಿಕೊಂಡು, ಸಣ್ಣ ಪ್ರಮಾಣದಲ್ಲಿ ಮಾಡಿ ನೋಡಿ ತಿದ್ದಿಕೊಳ್ಳುತ್ತ ಹೋಗುವ ಕ್ರಮವಿದು. ಕಂಪ್ಯೂಟರ್ ವ್ಯವಸ್ಥೆಗಳನ್ನು ರೂಪಿಸುವವರಿಗಾಗಿ 1999ರಲ್ಲೇ ಐಎಸ್‌ಒ 13407 ಎಂಬ ಅಂತರರಾಷ್ಟ್ರೀಯ ಮಾನದಂಡವಾಗಿ ಬಂದ ಇದನ್ನು ಶಾಲಾ ಆಡಳಿತಕ್ಕೆ ಅಳವಡಿಸುವಾಗ ಹಂತಗಳನ್ನು ಕಲಿಸುವುದು ಕಷ್ಟವಲ್ಲ. ಪ್ರಶ್ನೆ ಕೇಳುವ ರೂಢಿಯನ್ನು ಬದಲಿಸುವುದು ಕಷ್ಟ.

ಹಾಜರಾತಿ ಪುಸ್ತಕ, ಬಿಸಿಯೂಟದ ಲೆಕ್ಕ, ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನ ನಮೂದು ಎಂದು ವರ್ಷಗಟ್ಟಲೆ ತಪಾಸಣೆ ಮಾಡಿದವರ ಮಾತಿನಲ್ಲಿ ತಪಾಸಣೆಯ ಧಾಟಿ ಬರುವುದು ಸಹಜ. ಹತ್ತಿ ಬಿಡಿಸುವ ದಿನಗಳಲ್ಲಿ ಹೆಣ್ಣುಮಕ್ಕಳ ಗೈರುಹಾಜರಿಯ ಕಾರಣ ತಿಳಿಯಲು ಸಂಜೆ ಒಂದು ತಾಂಡಾಕ್ಕೆ ಹೋದಾಗ, ಅಧಿಕಾರಿಯೊಬ್ಬರು ಒಬ್ಬ ತಾಯಿಯನ್ನು, 'ಯಾಕವ್ವಾ, ಹುಡುಗಿಗಿ ಸಾಲಿಗಿ ಯಾಕ ಕಳಸವಲ್ಲಿ?' ಎಂದು ಕೇಳಿದರು. 'ನಾಳಿಂದ ಕಳಸ್ತೀನ್ರಿ ಸಾಹೇಬ್ರ' ಎಂದು ಆಕೆ ಎದ್ದು ನಿಂತು ಉತ್ತರಿಸಿದಳು. ಆ ಉತ್ತರದಿಂದ ನಮಗೆ ತಿಳಿದದ್ದೇನೂ ಇಲ್ಲ. ಕೈಯಲ್ಲಿದ್ದ ಫೈಲನ್ನು ಜೀಪಿನಲ್ಲಿಟ್ಟು ಬಂದು, ಆಕೆಯ ಜೊತೆ ಕಟ್ಟೆಯ ಮೇಲೆ ಕುಳಿತು, 'ನಿನ್ನೆ ಮುಂಜಾನೆಯಿಂದ ಏನೇನ್ ಮಾಡಿದ್ರಿ, ಹೇಳ್ರಿ' ಎಂದು ಅವರೇ ಮತ್ತೆ ಕೇಳಿದಾಗ ಸಂಗತಿ ಬಿಚ್ಚಿಕೊಂಡಿತು. ಹತ್ತಿ ಹೊಲಕ್ಕೆ ಕೂಲಿಯವರನ್ನು ಒಯ್ಯುವ ಟಂಟಂ ಹೊತ್ತು ಮೂಡುವುದರೊಳಗೆ ಹೊರಡುತ್ತದೆ; ಎರಡು ವರ್ಷ ತುಂಬದ ಕೂಸನ್ನು ಬಿಸಿಲಿಗೆ ಒಯ್ಯುವಂತಿಲ್ಲ; ಆದ್ದರಿಂದ ಆರನೆಯ ತರಗತಿಯ ಅಕ್ಕ ಮನೆಯಲ್ಲಿ ಉಳಿಯುತ್ತಾಳೆ.

2011ರ ಜನಗಣತಿಯಲ್ಲಿ ಶೇ 51.83 ಸಾಕ್ಷರತೆಯೊಂದಿಗೆ ರಾಜ್ಯದಲ್ಲೇ ಕೊನೆಯಲ್ಲಿದ್ದ ಜಿಲ್ಲೆಯಾದ್ದರಿಂದ, 'ಪಾಲಕರಲ್ಲಿ ಶಿಕ್ಷಣದ ಅರಿವಿಲ್ಲ' ಎಂಬ ವಾಕ್ಯ ನಮ್ಮ ವರದಿಗಳಲ್ಲಿ ಸಲೀಸಾಗಿ ಬಂದು ಕೂರುತ್ತದೆ. ಹಾಗೆ ಬರೆದರೆ ಮುಂದಿನ ಕ್ರಮವೆಂದರೆ ಜಾಥಾ, ಬ್ಯಾನರ್, ಪಾಲಕರ ಸಭೆ. ಅದೇ ಸಮಸ್ಯೆಯನ್ನು 'ತಾಯಿ ಹೊಲದಲ್ಲಿರುವ ಹೊತ್ತಿನಲ್ಲಿ ಮೂರು ವರ್ಷದೊಳಗಿನ ಕೂಸನ್ನು ನೋಡಿಕೊಳ್ಳುವವರಿಲ್ಲ' ಎಂದು ಬರೆದರೆ ಮಾತುಕತೆ ಗ್ರಾಮ ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ 'ಕೂಸಿನ ಮನೆ'ಯ ಕಡೆಗೆ, ಅದರ ಬಾಗಿಲು ಎಷ್ಟು ಹೊತ್ತಿಗೆ ತೆರೆಯಬೇಕೆಂಬುದರ ಕಡೆಗೆ ತಿರುಗುತ್ತದೆ. ಅದು ಶಿಕ್ಷಣ ಇಲಾಖೆಯ ವ್ಯಾಪ್ತಿಯಲ್ಲಿಲ್ಲ, ನಿಜ. ಆದರೆ ಪಿಡಿಒ ಅವರ ಎದುರು ಕುಳಿತು ಒಂದು ತಾಂಡಾದ ತಾಯಂದಿರ ಬೆಳಗನ್ನು ಗಂಟೆ ಗಂಟೆಯಾಗಿ ವಿವರಿಸಬಲ್ಲ ಸಿಆರ್‌ಪಿಯ ಮಾತಿಗೆ ಪತ್ರವ್ಯವಹಾರಕ್ಕಿಲ್ಲದ ತೂಕವಿದೆ ಎಂಬುದನ್ನು ನಾನು ಕಂಡಿದ್ದೇನೆ.

ಹೀಗಾಗಿ ತರಬೇತಿಯ ಕ್ರಮವನ್ನೇ ಬದಲಿಸಿದ್ದೇವೆ. ಮೊದಲ ದಿನ ಸಭಾಂಗಣದ ಪಾಠವಿಲ್ಲ. ಊರಿಗೆ ಹೋಗಿ ಒಬ್ಬರ ನಿನ್ನೆಯ ದಿನವನ್ನು ಅವರದೇ ಮಾತುಗಳಲ್ಲಿ ಬರೆದು ತರಬೇಕು. ಪರಿಹಾರವನ್ನು ಒಂದೇ ತಾಂಡಾದಲ್ಲಿ ಮಾಡಿ ನೋಡುವವರೆಗೆ ಇಡೀ ತಾಲ್ಲೂಕಿಗೆ ಸುತ್ತೋಲೆ ಹೊರಡಿಸಬಾರದೆಂಬ ಒಪ್ಪಂದವನ್ನೂ ಅಧಿಕಾರಿಗಳೊಂದಿಗೆ ಆರಂಭದಲ್ಲೇ ಮಾಡಿಕೊಳ್ಳುತ್ತೇವೆ.